ಕೊಂಡ ಆಟದ ಮೇಲೆ ನಮಗೆಷ್ಟು ಹಕ್ಕು?

ಪ್ರಶ್ನೆ: ನನ್ನ ಮಗ ಕಂಪ್ಯೂಟರ್ ಆಟಗಳನ್ನು ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯಲ್ಲಿ ಕೊಳ್ಳುತ್ತೇನೆ ಎನ್ನುತ್ತಾನೆ. ಡಿಸ್ಕ್ ಕೊಳ್ಳುವುದಕ್ಕಿಂತ ಇದು ಒಳ್ಳೆಯದೇ?
– ಓದುಗರೊಬ್ಬರು, ಹಾಸನ

ಉತ್ತರ: ಹಣದ ದೃಷ್ಟಿಯಿಂದ ಒಳ್ಳೆಯದೇ. ಬೆಲೆ ರೂಪಾಯಿಯಲ್ಲೇ ಇರುತ್ತದೆ, ರಿಯಾಯಿತಿ ಮಾರಾಟದ ದಿನಗಳಲ್ಲಿ ಹಳೆಯ ಆಟಗಳು ಅರ್ಧಕ್ಕಿಂತ ಕಡಿಮೆ ದರಕ್ಕೂ ಸಿಗುತ್ತವೆ. ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸು ಕೇಳಬಹುದು. ಆದರೆ ನಿಮಗೆ ದೊರೆಯುವುದು ಆಡುವ ಪರವಾನಗಿ ಮಾತ್ರ. ಆಡಿ ಮುಗಿಸಿದ ಮೇಲೆ ಅದನ್ನು ಮತ್ತೊಬ್ಬರಿಗೆ ಮಾರಲಾಗದು. ಹಾಗೆಂದು ಡಿಸ್ಕ್ ಪೂರ್ತಿ ಕ್ಷೇಮವೂ ಅಲ್ಲ: 2024ರ ಮಾರ್ಚ್ ಕೊನೆಯಲ್ಲಿ ಯೂಬಿಸಾಫ್ಟ್ ಕಂಪನಿಯು, ಸದಾ ಇಂಟರ್ನೆಟ್ ಸಂಪರ್ಕದಲ್ಲೇ ಆಡಬೇಕಿದ್ದ ತನ್ನ ‘ದ ಕ್ರೂ’ ಆಟದ ಸರ್ವರ್‌ಗಳನ್ನು ಮುಚ್ಚಿದಾಗ, ಡಿಸ್ಕ್ ಇಟ್ಟುಕೊಂಡವರೂ ಅದನ್ನು ಆಡಲಾಗದಂತಾಯಿತು. ದುಡ್ಡು ಕೊಟ್ಟವರಿಗೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಬಹುಕಾಲ ಉಳಿಸಿಕೊಳ್ಳಬೇಕೆನಿಸುವ ಆಟ ಜಿಒಜಿ ಎಂಬ ಆನ್‌ಲೈನ್ ಮಳಿಗೆಯಲ್ಲಿ ಸಿಕ್ಕರೆ ಅಲ್ಲೇ ಕೊಳ್ಳಲಿ. ಆಟವನ್ನು ಕಂಪ್ಯೂಟರಿಗೆ ಅಳವಡಿಸುವ ಇನ್‌ಸ್ಟಾಲರ್ ಕಡತವನ್ನು ನಿಮ್ಮದೇ ಹಾರ್ಡ್‌ಡಿಸ್ಕಿನಲ್ಲಿ ಇಳಿಸಿಟ್ಟುಕೊಳ್ಳಬಹುದು.