ಇಪ್ಪತ್ತಾರು ಜನರ ಊಟ, ಒಬ್ಬರ ತಲೆ

52 ವರ್ಷದ ಈ ಸಲಹಾರ್ಥಿ ನವೆಂಬರ್ ಕೊನೆಯ ವಾರದಲ್ಲಿ ಆಪ್ತಸಲಹೆಗಾಗಿ ನನ್ನನ್ನು ಕಾಣಲು ಬಂದರು. “ಈ ವರ್ಷ ಕ್ರಿಸ್‌ಮಸ್ ಬರದೇ ಇದ್ದರೆ ಸಾಕಪ್ಪಾ ಅನ್ನಿಸುತ್ತಿದೆ, ಹಾಗೆ ಅನ್ನಿಸುತ್ತಿದೆಯಲ್ಲ ಎಂದು ಅಳು ಬರುತ್ತದೆ” ಎಂಬುದು ಅವರ ಮೊದಲ ಮಾತಾಗಿತ್ತು. ಅವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಮೂರು ವಾರಗಳಿಂದ ನಸುಕಿನ ಮೂರು ಗಂಟೆಗೆ ಎಚ್ಚರವಾಗುತ್ತಿತ್ತು. ಎಚ್ಚರವಾದ ಕೂಡಲೇ ಬೇಕಾದ ಪಾತ್ರೆಗಳು, ತಟ್ಟೆಗಳು, ಯಾರಿಗೆ ಯಾವ ಪದಾರ್ಥ ಆಗಿಬರುವುದಿಲ್ಲ ಎಂಬ ಲೆಕ್ಕ ತಲೆಯಲ್ಲಿ ಶುರುವಾಗುತ್ತಿತ್ತು. ವರ್ಷದ ಉಳಿದ ದಿನಗಳ ನಿದ್ದೆ, ಹಸಿವು, ಕೆಲಸದಲ್ಲಿನ ಆಸಕ್ತಿಯ ಬಗ್ಗೆ ವಿವರವಾಗಿ ವಿಚಾರಿಸಿದೆ. ಖಿನ್ನತೆಯ ಲಕ್ಷಣಗಳು ಕಾಣಲಿಲ್ಲವಾದ್ದರಿಂದ ಮನೋವೈದ್ಯರ ಬಳಿಗೆ ಕಳುಹಿಸುವ ಅಗತ್ಯ ಆಗ ತೋರಲಿಲ್ಲ. ತೊಂದರೆಯೆಲ್ಲ ಡಿಸೆಂಬರ್ 25ರ ಮಧ್ಯಾಹ್ನದ ಸುತ್ತಲೇ ಗಂಟು ಕಟ್ಟಿಕೊಂಡಿತ್ತು.

ಆ ಮಧ್ಯಾಹ್ನ ಬಂಧುಬಳಗವೆಲ್ಲ ಸೇರುವ ಕ್ರಿಸ್‌ಮಸ್ ಊಟವನ್ನು ಮೂವತ್ತು ವರ್ಷ ನಡೆಸಿಕೊಂಡು ಬಂದವರು ಅವರ ಅತ್ತೆ. ಅವರು ತೀರಿಕೊಂಡ ಮೇಲೆ ಹಿಂದಿನ ವರ್ಷ ಮೊದಲ ಬಾರಿಗೆ ಆ ಭಾರ ಇವರ ಮೇಲೆ ಬಿದ್ದಿತ್ತು. ಒಂದು ಗಂಟೆಗೆಂದು ಕರೆದಿದ್ದ ನೆಂಟರು ಎರಡೂವರೆಗೆ ಉಂಡರು. ಇವರು ನಾಲ್ಕು ಗಂಟೆಗೆ, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಆರಿಹೋದ ಅನ್ನವನ್ನು ಪಾತ್ರೆಯಿಂದಲೇ ತಿಂದರು. ಸಂಜೆ ಓರಗಿತ್ತಿ ಯಾರಿಗೋ ಹೇಳುತ್ತಿದ್ದ “ಅತ್ತೆ ಇದ್ದಾಗ ಎಷ್ಟು ಸಲೀಸಾಗಿ ಆಗುತ್ತಿತ್ತು” ಎಂಬ ಮಾತು ಕಿವಿಗೆ ಬಿದ್ದು, ವರ್ಷವಾದರೂ ಅಲ್ಲಿಂದ ಇಳಿದಿರಲಿಲ್ಲ. ಈ ವರ್ಷ 17 ದೊಡ್ಡವರು, 9 ಮಕ್ಕಳು ಬರುವವರಿದ್ದರು. ಮಕ್ಕಳಲ್ಲಿ ಒಬ್ಬಳಿಗೆ ಗೋಡಂಬಿ, ಬಾದಾಮಿಯಂಥ ಬೀಜಗಳ ಅಲರ್ಜಿಯಿತ್ತು.

ಮೊದಲ ಭೇಟಿಯಲ್ಲಿ ನಾನು ಸಲಹೆಯನ್ನೇನೂ ಕೊಡಲಿಲ್ಲ. ಅತ್ತೆಯ ಬಗ್ಗೆ ಮಾತನಾಡಲು ಬಿಟ್ಟೆ. ಅವರು ಹೆಚ್ಚು ಹೊತ್ತು ಅತ್ತರು. ಅತ್ತೆಗೆ ಸರಿಸಮನಾಗಿ ಬಡಿಸಿ ತೋರಿಸುವುದೇ ಅವರನ್ನು ನೆನೆಯುವ ಒಂದೇ ದಾರಿ ಎಂದು ಈ ಹೆಣ್ಣುಮಗಳು ತನಗೇ ತಿಳಿಯದಂತೆ ನಂಬಿಬಿಟ್ಟಿದ್ದರು ಎಂಬುದು ಆಗ ನನಗೆ ಹೊಳೆಯಿತು. ಮುಂದಿನ ಸಲ ಊಟದ ಪಟ್ಟಿ ಬರೆದ ನೋಟ್‌ಬುಕ್ ತರಬೇಕೆಂದು ಹೇಳಿ ಕಳುಹಿಸಿದೆ.

ಪೆನ್ಸಿಲ್ಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಕಾಗದ ಸವೆದುಹೋಗಿದ್ದ ಆ ಪುಟದಲ್ಲಿ 14 ಪದಾರ್ಥಗಳಿದ್ದವು. ಯಾವುದನ್ನು ತೆಗೆಯಬೇಕೆಂದು ನಾನು ಕೇಳಲಿಲ್ಲ, ಏಕೆಂದರೆ ಹಾಗೆ ಕೇಳಿದರೆ ಪ್ರತಿಯೊಂದಕ್ಕೂ ಯಾರದೋ ಹೆಸರು ಹೇಳಿ ಸಮರ್ಥಿಸಿಕೊಳ್ಳುತ್ತಾರೆ. ಬದಲಾಗಿ ಪ್ರತಿ ಹೆಸರಿನ ಮುಂದೆ ಎರಡು ಸಂಗತಿಗಳನ್ನು ಬರೆಯಲು ಹೇಳಿದೆ: ಊಟಕ್ಕೆ ಮುಂಚಿನ ಕೊನೆಯ ಒಂದು ಗಂಟೆಯಲ್ಲಿ ಅದು ಎಲ್ಲಿರುತ್ತದೆ, ಕಳೆದ ವರ್ಷ ಅದಕ್ಕೆ ನಿಜವಾಗಿ ಎಷ್ಟು ಹೊತ್ತು ಹಿಡಿಯಿತು. ಎಷ್ಟು ಹೊತ್ತು ಬೇಕಾಗಬಹುದು ಎಂದು ಕೇಳಿದರೆ ಎಲ್ಲರೂ ಕಡಿಮೆಯನ್ನೇ ಹೇಳುತ್ತೇವೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಗುರುತಿಸಿದ ಈ ತಪ್ಪೆಣಿಕೆಗೆ ಹಿಂದಿನ ಅನುಭವದ ಲೆಕ್ಕವನ್ನು ಮುಂದಿಟ್ಟುಕೊಳ್ಳುವುದೇ ಮದ್ದು. ಬರೆಯುತ್ತಾ ಬರೆಯುತ್ತಾ ಅವರ ಕೈ ನಿಂತಿತು. ಹನ್ನೆರಡರಿಂದ ಒಂದರವರೆಗೆ ಐದು ಪದಾರ್ಥಗಳ ಮುಂದೆ ‘ಓವನ್’ ಎಂದೇ ಬರೆದಿತ್ತು. ಮನೆಯಲ್ಲಿದ್ದುದು ಒಂದೇ ಓವನ್. “ಹಾಗಾದರೆ ಕಳೆದ ವರ್ಷ ತಡವಾಗಿದ್ದು ನನ್ನ ಕೈ ನಿಧಾನ ಎಂದಲ್ಲ” ಎಂದು ಅವರು ಮೆಲ್ಲಗೆ ಹೇಳಿದರು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಮಾತು ಇದು.

ಕೊನೆಯ ಗಂಟೆಯಲ್ಲಿ ಓವನ್‌ನಲ್ಲಿ ಬೇಯುವುದು ಒಂದೇ ಪದಾರ್ಥ, ಉಳಿದವು ತಣ್ಣಗೆ ಬಡಿಸುವಂಥವು ಅಥವಾ ಹಿಂದಿನ ದಿನವೇ ಮಾಡಿಟ್ಟು ಬಿಸಿ ಮಾಡುವಂಥವು ಎಂಬ ಒಂದು ನಿಯಮ ಇಟ್ಟುಕೊಂಡ ಮೇಲೆ 14 ಇದ್ದದ್ದನ್ನು ಅವರಾಗಿಯೇ 8ಕ್ಕೆ ಇಳಿಸಿದರು. ಅತ್ತೆಯ ಕೈರುಚಿಯ ನಾಲ್ಕು ಪದಾರ್ಥಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡರು. ಆ ಆಯ್ಕೆಗೆ ಅವರು ತೆಗೆದುಕೊಂಡ ಸಮಯವನ್ನು ನಾನು ಅವಸರಪಡಿಸಲಿಲ್ಲ.

ನಂತರ ಊಟದ ಹೊತ್ತಾದ ಮಧ್ಯಾಹ್ನದ ಒಂದು ಗಂಟೆಯಿಂದ ಹಿಂದಕ್ಕೆ ಎಣಿಸುತ್ತಾ ಬಂದೆವು. ಮಂಜುಗಟ್ಟಿದ ಟರ್ಕಿ ಕೋಳಿ ಫ್ರಿಜ್ಜಿನೊಳಗೆ ಕರಗಲು ಸರಿಸುಮಾರು ಎರಡು ಕಿಲೋಗೆ ಒಂದು ದಿನ ಬೇಕು. ಅವರು ತರಿಸಿದ್ದು 6 ಕಿಲೋದ್ದು, ಆದ್ದರಿಂದ 21ರ ಸಂಜೆಯೇ ಅದು ಫ್ರೀಜರಿನಿಂದ ಇಳಿದು, ರಸ ಬೇರೆ ಪದಾರ್ಥಗಳ ಮೇಲೆ ಸೋರದಂತೆ ತಟ್ಟೆಯಲ್ಲಿ ಕೂತು, ಫ್ರಿಜ್ಜಿನ ಕೆಳಗಿನ ಅಂತಸ್ತಿಗೆ ಬರಬೇಕು. ಬೆಂದ ಮೇಲೆ ಅದನ್ನು ಕತ್ತರಿಸುವ ಮುನ್ನ ಅರ್ಧ ಗಂಟೆ ಹಾಗೆಯೇ ಬಿಡಬೇಕಾಗುತ್ತದೆ. ಬಿಸಿ ಮಾಡಬೇಕಾದ ಪದಾರ್ಥಗಳಿಗೆ ಓವನ್ ಬಿಡುವಾಗುವುದು ಆ ಅರ್ಧ ಗಂಟೆಯಲ್ಲೇ. ಹಿಂದಿನ ವರ್ಷ ಆ ಬಿಡುವು ಇತ್ತೆಂಬುದೇ ಅವರ ಗಮನಕ್ಕೆ ಬಂದಿರಲಿಲ್ಲ.

ಅವರ ನಸುಕಿನ ಭಯಗಳಲ್ಲಿ ದೊಡ್ಡದು, ಉಂಡವರಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟರೆ ಎಂಬುದು. ಇಂಥ ಭಯಕ್ಕೆ “ಏನೂ ಆಗುವುದಿಲ್ಲ, ಧೈರ್ಯವಾಗಿರಿ” ಎನ್ನುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಭಯದಲ್ಲಿ ನಿಜಾಂಶವಿದೆ. ಗಂಟೆಗಟ್ಟಲೆ ಮೇಜಿನ ಮೇಲೆ ಕೂರುವ ಬಫೆ ಊಟದಲ್ಲಿ ಈ ಅಪಾಯ ಇದ್ದೇ ಇದೆ. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆಯ ಸರಳ ಸೂಚನೆಗಳನ್ನೇ ಅವರ ಮುಂದಿಟ್ಟೆ: ಕೋಳಿಯಂಥ ಮಾಂಸದ ಒಳಭಾಗ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೇಯಬೇಕು, ಬಿಸಿಯಾದದ್ದು 60 ಡಿಗ್ರಿಗಿಂತ ಮೇಲೆ, ತಣ್ಣಗಿನದು 5 ಡಿಗ್ರಿಗಿಂತ ಕೆಳಗೆ ಇರಬೇಕು, ಬೇಯಿಸಿದ್ದನ್ನು ಕೋಣೆಯ ತಾಪಮಾನದಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಟರ್ಕಿಯ ತೊಡೆಯ ದಪ್ಪ ಭಾಗಕ್ಕೆ ಚುಚ್ಚುವ ಥರ್ಮಾಮೀಟರನ್ನು ಅವರು ಅದೇ ವಾರ ಕೊಂಡರು. ದೊಡ್ಡ ಪಾತ್ರೆಯನ್ನೇ ಮೇಜಿಗೆ ತಂದಿಡದೆ ಚಿಕ್ಕ ಬಟ್ಟಲುಗಳಲ್ಲಿ ಇಟ್ಟು, ಖಾಲಿಯಾದಾಗ ಅದೇ ಬಟ್ಟಲಿಗೆ ಸುರಿಯದೆ ಹೊಸ ಬಟ್ಟಲನ್ನೇ ತರುವುದು. ಮೂರು ಗಂಟೆಗೆ ಮಗ ಉಳಿದದ್ದನ್ನೆಲ್ಲ ತೆಗೆದು ಅಗಲವಾದ, ಆಳವಿಲ್ಲದ ಡಬ್ಬಿಗಳಲ್ಲಿ ಹರಡಿ ಫ್ರಿಜ್ಜಿಗೆ ಸೇರಿಸುವುದು ಎಂದೂ ಗೊತ್ತುಮಾಡಿದೆವು. ನಸುಕಿನಲ್ಲಿ ಕಾಡುತ್ತಿದ್ದ ಭಯ ಹೀಗೆ ಗಡಿಯಾರ ನೋಡಿ ಮಾಡುವ ಕೆಲಸವಾಯಿತು.

ಮೂರನೆಯ ಭೇಟಿಗೆ ಅವರ ಪತಿಯನ್ನೂ ಕರೆಸಿದೆ. ಅವರು ಒಳ್ಳೆಯವರು, “ನೀನು ಹೇಳು, ನಾನು ಮಾಡುತ್ತೇನೆ” ಎಂದು ಪತ್ನಿಗೆ ಪ್ರೀತಿಯಿಂದಲೇ ಹೇಳಿದರು. ಆದರೆ ಹೇಳಬೇಕಾದವರು ಹೇಳುವುದನ್ನೂ ನೆನಪಿಟ್ಟುಕೊಳ್ಳಬೇಕಾಗುತ್ತದೆ, ಭಾರ ಇರುವುದೇ ಅಲ್ಲಿ ಎಂದು ನಾನು ಅವರಿಗೆ ವಿವರಿಸಿದೆ. ಕೆಲಸದಲ್ಲಿ ಕೈಜೋಡಿಸುವುದು ಬೇರೆ, ಒಂದು ಭಾಗದ ಹೊಣೆಯನ್ನು ಪೂರ್ತಿಯಾಗಿ ಹೊರುವುದು ಬೇರೆ. ಆದ್ದರಿಂದ ಪಾನೀಯಗಳ ಲೆಕ್ಕ, ಖರೀದಿ, ಮಂಜುಗಡ್ಡೆ, ಲೋಟ ಜೋಡಿಸುವುದು, ಕೊನೆಗೆ ಲೋಟ ತೊಳೆಯುವುದು ಎಲ್ಲವೂ ಪತಿಯದು. ಆ ಬಗ್ಗೆ ಪತ್ನಿ ಒಂದು ಪ್ರಶ್ನೆಯನ್ನೂ ಕೇಳಕೂಡದು ಎಂದು ಒಪ್ಪಂದವಾಯಿತು. ಬಾಟಲಿಗಳು ಮಂಜುಗಡ್ಡೆಯ ಟಬ್ಬಿಗೆ ಹೋದದ್ದರಿಂದ ಫ್ರಿಜ್ಜಿನಲ್ಲಿ ಜಾಗವೂ ಆಯಿತು. ಕೇಕ್ ಮತ್ತು ಸಿಹಿಯ ಹೊಣೆಯನ್ನು ಓರಗಿತ್ತಿಗೆ ಒಪ್ಪಿಸಬೇಕೆಂದಾಗ ಸಲಹಾರ್ಥಿ ತಡವರಿಸಿದರು: “ಅವಳು ಹೊತ್ತಿಗೆ ಬರದಿದ್ದರೆ?” ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1999ರಲ್ಲಿ ವಿವರಿಸಿದಂತೆ ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂದು ಮೊದಲೇ ನಿಶ್ಚಯಿಸಿಕೊಂಡ ಮನಸ್ಸು ಆ ಗಳಿಗೆಯಲ್ಲಿ ಹೊಸದಾಗಿ ತೀರ್ಮಾನಿಸಬೇಕಾಗುವುದಿಲ್ಲ. “ಒಂದು ಗಂಟೆಗೆ ಸಿಹಿ ಬಂದಿರದಿದ್ದರೆ ಊಟ ಆರಂಭಿಸುತ್ತೇನೆ, ಫೋನ್ ಮಾಡುವುದಿಲ್ಲ” ಎಂದು ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಮೇಜಿನ ಜೋಡಣೆಯ ಬಗ್ಗೆ ಹೆಚ್ಚು ಮಾತು ಬೇಕಾಗಲಿಲ್ಲ. ಗೋಡೆಯಿಂದ ಮುಂದಕ್ಕೆ ಎಳೆದರೆ ಎರಡೂ ಬದಿಯಿಂದ ಬಡಿಸಿಕೊಳ್ಳಬಹುದು. ತಟ್ಟೆ ಮೊದಲಲ್ಲಿ, ಚಮಚ ಮತ್ತು ಕರವಸ್ತ್ರ ಕೊನೆಯಲ್ಲಿ. ಪಾನೀಯ ಬೇರೆ ಕಡೆ. ಬೀಜಗಳಿರುವ ಪದಾರ್ಥ ಪ್ರತ್ಯೇಕ ಮೇಜಿನ ಮೇಲೆ, ತನ್ನದೇ ಸೌಟು ಮತ್ತು ಚೀಟಿಯೊಂದಿಗೆ. 23ರ ರಾತ್ರಿ ಮನೆಯವರೆಲ್ಲ ಖಾಲಿ ತಟ್ಟೆ ಹಿಡಿದು ಒಂದು ಸುತ್ತು ನಡೆದು ನೋಡಬೇಕೆಂದಷ್ಟೇ ಸೂಚಿಸಿದೆ. ಹಾಗೆ ನಡೆದಾಗ ಸಾಲು ಅಡುಗೆಮನೆಯ ಬಾಗಿಲಿಗೆ ಅಡ್ಡ ಬರುವುದು ತಿಳಿದು, ಮೇಜನ್ನು ತಿರುಗಿಸಿದರಂತೆ.

ಜನವರಿ ಎರಡನೆಯ ವಾರ ಅವರು ಮತ್ತೆ ಬಂದರು. ಮಂಜುಗಡ್ಡೆ ಸಾಲದೆ ಬಂದಿತ್ತು, ಒಂದು ಪಲ್ಯ ಬಿಸಿ ಮಾಡಲು ಮರೆತೇಹೋಗಿ ಫ್ರಿಜ್ಜಿನಲ್ಲೇ ಉಳಿದಿತ್ತು, ಓರಗಿತ್ತಿ ಒಂದೂಕಾಲಿಗೆ ಬಂದಿದ್ದರು. ಮಂಜುಗಡ್ಡೆಯ ವಿಚಾರದಲ್ಲಿ ಬಾಯಿಯವರೆಗೆ ಬಂದ ಮಾತನ್ನು ಎರಡು ಸಲ ನುಂಗಿಕೊಂಡೆ ಎಂದರು. ಆದರೆ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ತಟ್ಟೆ ಹಿಡಿದು, ಎಲ್ಲರ ನಡುವೆ ಕುರ್ಚಿಯಲ್ಲಿ ಕೂತು ಬಿಸಿಯಾಗಿ ಉಂಡಿದ್ದರು. ಅತ್ತೆಯ ಆ ಒಂದು ಪದಾರ್ಥದ ಬಟ್ಟಲು ಎಲ್ಲಕ್ಕಿಂತ ಮೊದಲು ಖಾಲಿಯಾಗಿ, ಓರಗಿತ್ತಿ ಅದನ್ನು ತಾನೇ ಒಳಗೆ ಒಯ್ದು, “ಅಕ್ಕಾ, ಇದನ್ನು ನನಗೂ ಹೇಳಿಕೊಡಿ” ಎಂದು ಕೇಳಿದ್ದರು.

ನಿದ್ದೆ ಈಗ ಬೆಳಗಿನ ಐದೂವರೆಯವರೆಗೆ ಬರುತ್ತಿದೆ. ಆದರೆ ಅತ್ತೆಯ ಕೈಬರಹದ ಅಡುಗೆ ಚೀಟಿಗಳ ಡಬ್ಬಿಯನ್ನು ತೆರೆಯಲು ಅವರಿಗೆ ಇನ್ನೂ ಆಗಿಲ್ಲ. ಅದರ ಬಗ್ಗೆ ಮಾತನಾಡಲೆಂದೇ ಇನ್ನೆರಡು ಭೇಟಿಗಳನ್ನು ಗೊತ್ತುಮಾಡಿದ್ದೇವೆ.