ಎಐ ನಕಲಿ ಧ್ವನಿಯಿಂದ ಚುನಾವಣೆಗೆ ಏಕೆ ಅಷ್ಟು ಅಪಾಯ?

ಅದು ಬಂದೆರಗುವ ಹೊತ್ತಿನಿಂದಾಗಿ. 2023ರ ಸೆಪ್ಟೆಂಬರ್ 30ರಂದು ಸ್ಲೊವಾಕಿಯಾದಲ್ಲಿ ಮತದಾನವಿತ್ತು. ಎರಡೇ ದಿನ ಮುಂಚೆ, ಪ್ರೊಗ್ರೆಸಿವ್ ಸ್ಲೊವಾಕಿಯಾ ಪಕ್ಷದ ನಾಯಕ ಮಿಖಾಲ್ ಶಿಮೆಚ್ಕಾ ಚುನಾವಣಾ ಅಕ್ರಮದ ಬಗ್ಗೆ ಪತ್ರಕರ್ತೆಯೊಬ್ಬರ ಜೊತೆ ಮಾತಾಡಿದಂತೆ ಕೇಳಿಸುವ ಆಡಿಯೊ ಹರಿದಾಡಿತು. ಇಬ್ಬರೂ ಅಲ್ಲಗಳೆದರು. ಆದರೆ ಅಲ್ಲಿ ಮತದಾನಕ್ಕೆ ಮುಂಚಿನ 48 ಗಂಟೆ ಮಾಧ್ಯಮಗಳೂ ರಾಜಕಾರಣಿಗಳೂ ಪ್ರಚಾರದ ಮಾತಾಡುವಂತಿಲ್ಲ. ಸುಳ್ಳು ಓಡುತ್ತಿದ್ದಾಗ ಸತ್ಯದ ಬಾಯಿ ಕಟ್ಟಿತ್ತು. (ಫಲಿತಾಂಶ ಇದರಿಂದಲೇ ಬದಲಾಯಿತು ಎನ್ನಲು ಪುರಾವೆಯಿಲ್ಲ.) ವಿಡಿಯೊ ಆದರೆ ತುಟಿ, ಕಣ್ಣು ನೋಡಿಯಾದರೂ ಅನುಮಾನ ಪಡಬಹುದು, ಬರೀ ದನಿಯಲ್ಲಿ ಅದೂ ಇಲ್ಲ.

2024ರ ಜನವರಿಯಲ್ಲಿ ಆಗಿನ ಅಮೆರಿಕ ಅಧ್ಯಕ್ಷ ಬೈಡನ್ ದನಿಯ ನಕಲಿ ಕರೆಗಳು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮತದಾರರಿಗೆ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ) ಮತ ಹಾಕಬೇಡಿ ಎಂದವು; ಮರುತಿಂಗಳೇ ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಇಂಥ ಕರೆಗಳನ್ನು ಕಾನೂನುಬಾಹಿರವೆಂದು ಸಾರಿತು.

ನನ್ನ ದೊಡ್ಡ ದಿಗಿಲು ಬೇರೆ: ನಿಜವಾಗಿ ಸಿಕ್ಕಿಬಿದ್ದ ನಾಯಕನೂ ಇನ್ನು ‘ಅದು ಎಐ’ ಎಂದು ಜಾರಿಕೊಳ್ಳಬಹುದು.