ಸಿಗರೇಟು ಪ್ಯಾಕಿನ ಮೇಲೆ ಎಚ್ಚರಿಕೆ ಹಾಕಿಸುವ ಸರ್ಕಾರವೇ ತಂಬಾಕು ಬೆಳೆಯಲು ಪರವಾನಗಿ ಕೊಡುವುದೇಕೆ?

ಏಕೆಂದರೆ ಈ ಎರಡು ಕೆಲಸ ಎರಡು ಸಚಿವಾಲಯಗಳದ್ದು, ಒಂದರ ನಷ್ಟ ಇನ್ನೊಂದರ ಲೆಕ್ಕಕ್ಕೆ ಬರುವುದಿಲ್ಲ. 2003ರ ತಂಬಾಕು ನಿಯಂತ್ರಣ ಕಾಯ್ದೆ ಆರೋಗ್ಯ ಸಚಿವಾಲಯದ್ದು. 1975ರ ಕಾಯ್ದೆಯಿಂದ ಹುಟ್ಟಿದ ತಂಬಾಕು ಮಂಡಳಿ ವಾಣಿಜ್ಯ ಸಚಿವಾಲಯದ್ದು. ಬೆಳೆಗಾರರಿಗೆ ಪರವಾನಗಿ ಕೊಡುವುದೂ ಅದೇ, ರಫ್ತು ಬೆಳೆಸುವುದು ಅದರ ಮುಖ್ಯ ಕೆಲಸ. ತೆರಿಗೆ, ವಿದೇಶಿ ವಿನಿಮಯ ಈ ವರ್ಷವೇ ಕೈಸೇರುತ್ತದೆ. ಕ್ಯಾನ್ಸರ್ ಬರುವುದು ದಶಕಗಳ ಮೇಲೆ, ಆಗ ಹೊಲ ಮಾರುವುದು ರೋಗಿಯ ಮನೆಯವರು.

ಹಾಗಾದರೆ ರೈತರೇಕೆ ಬಿಡುವುದಿಲ್ಲ? ಹುಣಸೂರು, ಪಿರಿಯಾಪಟ್ಟಣದ ಕಡೆ ಬನ್ನಿ. ತಂಬಾಕು ಸೊಪ್ಪನ್ನು ಶಾಖದಲ್ಲಿ ಒಣಗಿಸಿ ಹದ ಮಾಡುವ ಮನೆ, ಅಂದರೆ ಬ್ಯಾರನ್ ಕಟ್ಟಲು ಸಾಲ ಮಾಡಿರುತ್ತಾರೆ. ಸೌದೆ ತುಂಬಿ, ರಾತ್ರಿ ನಿದ್ದೆಗೆಟ್ಟು ಶಾಖ ಕಾಯುತ್ತಾರೆ; ಸ್ವಲ್ಪ ಹದ ತಪ್ಪಿದರೂ ಎಲೆಯ ಬಣ್ಣ ಕೆಟ್ಟು ದರ ಬೀಳುತ್ತದೆ. ಆದರೂ ಒಣಗಿದ ಎಲೆಯನ್ನು ಬೇಲ್ (ದೊಡ್ಡ ಕಟ್ಟು) ಕಟ್ಟಿದ ಮೇಲೆ ಒಯ್ಯಲು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಟೊಮೆಟೊ ಬೆಳೆದವನು ಬೆಲೆ ಕುಸಿದ ದಿನ ಅದನ್ನು ರಸ್ತೆಗೆ ಸುರಿದು ಬರಬೇಕು.

2004ರಲ್ಲಿ ಭಾರತ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದದ 17ನೇ ವಿಧಿ, ಬೆಳೆಗಾರರಿಗೆ ಪರ್ಯಾಯ ಜೀವನೋಪಾಯ ಒದಗಿಸಲು ಹೇಳುತ್ತದೆ. ನನ್ನ ಪ್ರಕಾರ ಅದಕ್ಕೆ ಬರೀ ಬಿತ್ತನೆ ಬೀಜ ಹಂಚಿದರೆ ಸಾಲದು. ಬ್ಯಾರನ್ ಸಾಲ ತೀರಬೇಕು, ಬದಲಿ ಬೆಳೆಯನ್ನೂ ಇಂಥ ದಿನ ಇಂಥಲ್ಲಿ ಕೊಳ್ಳುತ್ತೇವೆ ಎನ್ನುವವರು ಬೇಕು.